ಪ್ಲಸ್ ಚಿಹ್ನೆ ತಾನಾಗಿ ದಾಟಿ ಬರುವುದಿಲ್ಲ

ಮಾನ್ಯ ಸಂಪಾದಕರೇ,

ನಮಸ್ಕಾರ. ಸಿ++ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕೋಡನ್ನು ಪೈಥಾನ್‌ನಿಂದ ಬಳಸುವುದು ಹೇಗೆ ಅಂತ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯುವವರೇ ಕಮ್ಮಿ, ಅದಕ್ಕೆ ಮೊದಲು ಥ್ಯಾಂಕ್ಸ್. ಲೆಕ್ಕದ ಭಾರ ಸಿ++ ಹೊರಲಿ, ದಿನಕ್ಕೊಂದು ಸಲ ಬದಲಾಗುವ ಭಾಗ ಸ್ಕ್ರಿಪ್ಟ್‌ನಲ್ಲಿ, ಅಂದರೆ ಪೈಥಾನ್‌ನಂಥ ಭಾಷೆಯಲ್ಲಿರಲಿ ಅನ್ನುವ ಸಲಹೆ ಸರಿಯಾಗಿಯೇ ಇದೆ. ನಾನೂ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆದರೆ ಕೊನೆಯ ಭಾಗದಲ್ಲಿ ಒಂದು ಮಾತು ಬಂತು. ಎರಡು ಭಾಷೆಗಳ ನಡುವೆ ಸೇತುವೆ ಕಟ್ಟುವ ಬೈಂಡಿಂಗ್ ಟೂಲ್ ಒಂದನ್ನು ಬಳಸಿದರೆ ಸಾಕು, ಕ್ಲಾಸಿನ ಫಂಕ್ಷನ್‌ಗಳ ಜೊತೆಗೇ +, -, == ಎಲ್ಲವೂ ತಾವಾಗಿ ಸ್ಕ್ರಿಪ್ಟ್ ಕಡೆಗೆ ಬಂದುಬಿಡುತ್ತವೆ ಎಂದು. ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ಫಂಕ್ಷನ್‌ಗಳು ಬರುತ್ತವೆ, ಹೌದು. ಆಪರೇಟರ್‌ಗಳು, ಅಂದರೆ ಈ ಚಿಹ್ನೆಗಳು, ಅಷ್ಟು ಸುಲಭವಾಗಿ ಬರುವುದಿಲ್ಲ. ಬಂದಂತೆ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಸಿ++ನಲ್ಲಿ ನಾವೇ ಒಂದು ಕ್ಲಾಸ್, ಅಂದರೆ ಹೊಸ ಬಗೆಯ ಬೆಲೆ, ಮಾಡಿದಾಗ, ಸಂಖ್ಯೆಗಳ ಸಾಲಾದ ವೆಕ್ಟರ್ ಅಂತ ಇಟ್ಟುಕೊಳ್ಳಿ, ಅದರ ಮಟ್ಟಿಗೆ + ಅಂದರೆ ಏನು, - ಅಂದರೆ ಏನು ಅಂತ ನಾವೇ ಹೇಳಿಕೊಡಬಹುದು. ಇದೇ ಆಪರೇಟರ್ ಓವರ್‌ಲೋಡಿಂಗ್. 1985ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರ ಸಿ++ ಮೊದಲ ಸಲ ಮಾರುಕಟ್ಟೆಗೆ ಬಂದಾಗಲೇ ಅದರಲ್ಲಿ ಈ ಸೌಲಭ್ಯ ಇತ್ತು. ಕೋಡನ್ನು ಮೊದಲೇ ಯಂತ್ರದ ಭಾಷೆಗೆ ಬದಲಾಯಿಸುವ ಕಂಪೈಲರ್ ಎಡಗಡೆ ಯಾವ ಟೈಪ್ ಇದೆ, ಬಲಗಡೆ ಯಾವ ಟೈಪ್ ಇದೆ ಅಂತ ನೋಡುತ್ತದೆ, ಎರಡಕ್ಕೂ ಹೊಂದುವ ಫಂಕ್ಷನ್ ಆರಿಸುತ್ತದೆ, ಅಲ್ಲಿಗೆ ಮುಗಿಯಿತು. ಪ್ರೋಗ್ರಾಂ ಓಡುವ ಹೊತ್ತಿಗೆ + ಅನ್ನುವ ಚಿಹ್ನೆಯೇ ಉಳಿದಿರುವುದಿಲ್ಲ.

ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಇದು ಉಲ್ಟಾ, ಎಲ್ಲ ನಿರ್ಧಾರವೂ ಓಡುವಾಗಲೇ ಆಗುತ್ತದೆ. ಪೈಥಾನ್ ಮೊದಲು ಎಡಗಡೆಯ ಆಬ್ಜೆಕ್ಟನ್ನು (ಕ್ಲಾಸಿನಿಂದ ಮಾಡಿದ ವಸ್ತುವನ್ನು) ಕೇಳುತ್ತದೆ: ನಿನಗೆ ಇದನ್ನು ಕೂಡಿಸಲು ಬರುತ್ತದಾ? ಅದಕ್ಕೆ ಒಂದು ನಿಗದಿಯಾದ ಹೆಸರಿದೆ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಹೆಸರು, ನಾವು ಬಾಯಲ್ಲಿ ಡಂಡರ್ ಆಡ್ ಅನ್ನುತ್ತೇವೆ. ಎಡಗಡೆಯದು ನಾಟ್‌ಇಂಪ್ಲಿಮೆಂಟೆಡ್, ಅಂದರೆ ನನಗೆ ಬರುವುದಿಲ್ಲ, ಅಂತ ಉತ್ತರ ಕೊಟ್ಟರೆ ಬಲಗಡೆಯದನ್ನು ಕೇಳುತ್ತದೆ, ಅದಕ್ಕೆ ಬೇರೆ ಹೆಸರು, ಡಂಡರ್ ಆರ್‌ಆಡ್. ಇಬ್ಬರೂ ಆಗಲ್ಲ ಅಂದ ಮೇಲೆ ಮಾತ್ರ ಎರರ್. ಲುವಾ ಅನ್ನುವ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಈ ಕೆಲಸಕ್ಕೆ ಮೆಟಾಟೇಬಲ್ ಇದೆ, ಯಾವ ಚಿಹ್ನೆಗೆ ಯಾವ ಫಂಕ್ಷನ್ ಅಂತ ಹೇಳುವ ಪಟ್ಟಿ. ರೂಬಿಯಲ್ಲಿ + ಅನ್ನುವುದೇ ಒಂದು ಮೆಥಡ್‌ನ, ಅಂದರೆ ಕ್ಲಾಸಿನ ಫಂಕ್ಷನ್‌ನ, ಹೆಸರು. ಜಾವಾಸ್ಕ್ರಿಪ್ಟ್‌ನಲ್ಲಿ ನಮ್ಮ ಕ್ಲಾಸಿಗೆ + ಕಲಿಸುವ ದಾರಿಯೇ ಇಲ್ಲ. ಅಂದರೆ ಒಂದೊಂದು ಭಾಷೆಗೂ ತನ್ನದೇ ಕಟ್ಟಳೆ ಇದೆ. ಸಿ++ ಕಟ್ಟಳೆಯನ್ನು ಎತ್ತಿ ತಂದು ಅಲ್ಲಿ ಇಟ್ಟರೆ ಅದು ಕೂರುವುದಿಲ್ಲ.

ನಾನು ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಅಳತೆ ಅನ್ನುವ ಅರ್ಥದ ಒಂದು ಸಿ++ ಕ್ಲಾಸ್ ಇತ್ತು. ಅಳತೆಯಿಂದ ಅಳತೆ ಕಳೆಯಬಹುದು, ಅಳತೆಯಿಂದ ಸಂಖ್ಯೆ ಕಳೆಯಬಹುದು, ಸಂಖ್ಯೆಯಿಂದ ಅಳತೆಯನ್ನೂ ಕಳೆಯಬಹುದು. ಸಿ++ನಲ್ಲಿ ಮೂರಕ್ಕೂ ಬೇರೆ ಬೇರೆ ಫಂಕ್ಷನ್ ಬರೆದಿದ್ದರು, ಮೂರೂ ಸರಿಯಾಗಿದ್ದವು. ಪೈಥಾನ್‌ಗೆ ತರುವಾಗ ಬೈಂಡಿಂಗ್ ಬರೆದವರು ಕಳೆಯುವುದಕ್ಕಿರುವ ಡಂಡರ್ ಸಬ್ ಮತ್ತು ಡಂಡರ್ ಆರ್‌ಸಬ್ ಎರಡಕ್ಕೂ ಒಂದೇ ಫಂಕ್ಷನ್ ಕೊಟ್ಟರು. ಕೂಡುವುದಕ್ಕೆ ಹಾಗೆ ಮಾಡಿದ್ದು ನಡೆದಿತ್ತು, ಯಾಕೆಂದರೆ ಅಲ್ಲಿ ಹಿಂದು ಮುಂದಾದರೂ ಉತ್ತರ ಒಂದೇ. ಕಳೆಯುವಾಗ ಹಾಗಲ್ಲವಲ್ಲ. 10 - ಅಳತೆ ಅಂತ ಬರೆದರೆ ಪೈಥಾನ್ ಮೊದಲು 10 ಅನ್ನು ಕೇಳುತ್ತದೆ, ಅದಕ್ಕೆ ಗೊತ್ತಿಲ್ಲ, ಆಮೇಲೆ ಅಳತೆಯ ಡಂಡರ್ ಆರ್‌ಸಬ್ ಅನ್ನು ಕರೆಯುತ್ತದೆ, ಆಗ ಮೊದಲ ಜಾಗದಲ್ಲಿ ಅಳತೆ ಇರುತ್ತದೆ, ಎರಡನೇ ಜಾಗದಲ್ಲಿ 10. ಬೈಂಡಿಂಗ್ ಸುಮ್ನೆ ಮೊದಲನೆಯದರಿಂದ ಎರಡನೆಯದನ್ನು ಕಳೆಯಿತು. ಅಳತೆ 3 ಇದ್ದಾಗ 7 ಬರಬೇಕಿತ್ತು, -7 ಬಂತು.

ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಹಂತದಲ್ಲಿ ಆ ವ್ಯತ್ಯಾಸವನ್ನು ಅದರಿಂದಲೇ ಗುಣಿಸುತ್ತಿದ್ದರು, ಮೈನಸ್ ಅಲ್ಲೇ ಮಾಯ. ಒಂದು ದಿನ ಹೊಸದಾಗಿ ಸೇರಿಸಿದ ಒಂದು ಕಡೆ ಚಿಹ್ನೆ ಬೇಕಾಯಿತು, ಆಗ ಫಲಿತಾಂಶ ತಲೆಕೆಳಗಾಗಿ ಬರತೊಡಗಿತು. ಅದೂ ಯಾವಾಗಲೂ ಅಲ್ಲ. ಮಿತಿ ಅನ್ನುವ ಬೆಲೆ ಒಮ್ಮೊಮ್ಮೆ ಅಳತೆಯ ಆಬ್ಜೆಕ್ಟ್ ಆಗಿರುತ್ತಿತ್ತು, ಆಗ ಉತ್ತರ ಸರಿ. ಒಮ್ಮೊಮ್ಮೆ ಬರೀ ಸಂಖ್ಯೆ, ಆಗ ತಪ್ಪು. ಮೂರು ದಿನ ಹುಡುಕಿದೆವು. ಸಿ++ ಟೆಸ್ಟ್‌ಗಳೆಲ್ಲ ಪಾಸ್. ಪಾಸ್ ಆಗಲೇಬೇಕು, ಆ ಕಡೆ ತಪ್ಪೇ ಇರಲಿಲ್ಲ. ತಪ್ಪು ಇದ್ದದ್ದು ಎರಡೂ ಭಾಷೆಗಳ ನಡುವಿನ ಒಂದೇ ಒಂದು ಸಾಲಿನಲ್ಲಿ, ಆ ಸಾಲಿಗೆ ಯಾರೂ ಟೆಸ್ಟ್ ಬರೆದಿರಲಿಲ್ಲ. ಟೂಲ್ ಮಾಡಿಕೊಡುತ್ತದೆ ಅನ್ನುವ ನಂಬಿಕೆಯಲ್ಲೇ ಅದು ಹಾಗೆ ಉಳಿದದ್ದು.

ಇದೇ ಕೋಡ್ ಲುವಾಗೆ ಹೋಗಿದ್ದರೆ ಬೇರೆ ತರಹದ ತೊಂದರೆ ಆಗುತ್ತಿತ್ತು. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಚಿಕ್ಕ ಭಾಷೆಯಲ್ಲಿ ಬಲಗಡೆಗೆ ಅಂತ ಪ್ರತ್ಯೇಕ ಹೆಸರಿಲ್ಲ. ಕಳೆಯುವುದಕ್ಕೆ ಒಂದೇ ಮೆಟಾಮೆಥಡ್ (ಮೆಟಾಟೇಬಲ್‌ನಲ್ಲಿರುವ ಫಂಕ್ಷನ್). ಬರೆದ ಕ್ರಮದಲ್ಲೇ ಎರಡೂ ಬೆಲೆಗಳನ್ನು ಅದಕ್ಕೆ ಕೊಡುತ್ತದೆ. ಹಾಗಾಗಿ 10 - ಅಳತೆ ಅಂದಾಗ ಮೊದಲ ಬೆಲೆಯೇ ಬರೀ ಸಂಖ್ಯೆ. ಮೊದಲನೆಯದು ಯಾವಾಗಲೂ ನಮ್ಮ ಆಬ್ಜೆಕ್ಟೇ ಅಂದುಕೊಂಡು, ಪರೀಕ್ಷಿಸದೆ ಅದರ ಪಾಯಿಂಟರ್ (ಮೆಮೊರಿ ವಿಳಾಸ) ಹಿಡಿಯಲು ಹೋದ ಕೋಡ್ ಅಲ್ಲೇ ಕ್ರ್ಯಾಶ್ ಆಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಕ್ರ್ಯಾಶ್ ಆಗುವುದೇ ವಾಸಿ, ಕಡೇಪಕ್ಷ ಗೊತ್ತಾಗುತ್ತದೆ.

ಇನ್ನು += ಬಗ್ಗೆ. ಇದು ನೋಡಲು ಬಹಳ ಸಾಧು. ಸಿ++ನಲ್ಲಿ ಅ += ಬ ಅಂದರೆ ಅ ಅನ್ನುವುದು ಇದ್ದಲ್ಲೇ ಬದಲಾಗುತ್ತದೆ, ಫಂಕ್ಷನ್ ಅದರದ್ದೇ ರೆಫರೆನ್ಸ್, ಅಂದರೆ ಕಾಪಿಯಲ್ಲ, ಅದೇ ವಸ್ತುವಿನ ಗುರುತು, ವಾಪಸ್ ಕೊಡುತ್ತದೆ. ಪೈಥಾನ್‌ನಲ್ಲಿ ಇನ್ನೊಂದು ಹೆಜ್ಜೆ ಇದೆ: ವಾಪಸ್ ಬಂದದ್ದಕ್ಕೆ ಅ ಅನ್ನುವ ಹೆಸರನ್ನು ಹೊಸದಾಗಿ ಕಟ್ಟುತ್ತದೆ. ಈಗ ಎರಡು ಭಾಷೆಗಳ ನಡುವೆ ನಿಂತು ಸಿ++ ಫಂಕ್ಷನ್ ಕರೆಯುವ ಕೋಡ್, ಅಂದರೆ ರ‍್ಯಾಪರ್, ಆ ರೆಫರೆನ್ಸ್ ತೆಗೆದುಕೊಂಡು ಒಂದು ಕಾಪಿ ಮಾಡಿ ಕೊಟ್ಟಿತು ಅಂತ ಇಟ್ಟುಕೊಳ್ಳಿ. ಅ ಬೆಲೆ 1. ಕ = ಅ ಅಂತ ಬರೆದಿರಿ, ಎರಡೂ ಒಂದೇ ಆಬ್ಜೆಕ್ಟಿನ ಹೆಸರುಗಳು. ಅ += 1 ಮಾಡಿದಿರಿ. ಅ ಈಗ 2, ಕ ಕೂಡ 2. ಎಲ್ಲ ಸರಿ ಇದೆ ಅನ್ನಿಸುತ್ತದೆ. ಇನ್ನೊಮ್ಮೆ ಅ += 1 ಮಾಡಿ. ಅ 3 ಆಯಿತು, ಕ ಮಾತ್ರ 2ರಲ್ಲೇ ನಿಂತಿತು. ಮೊದಲ ಸಲ ಅಸಲಿ ಆಬ್ಜೆಕ್ಟೇ ಬದಲಾಯಿತು, ಆದರೆ ಅ ಅನ್ನುವ ಹೆಸರು ಕಾಪಿಯ ಕಡೆ ತಿರುಗಿಕೊಂಡಿತು, ಎರಡನೇ ಸಲ ಬದಲಾದದ್ದು ಆ ಕಾಪಿ. ಇದನ್ನು ಒಂದೇ ಸಲ ಟೆಸ್ಟ್ ಮಾಡಿ ನೋಡಿದವರಿಗೆ ತಪ್ಪು ಕಾಣುವುದೇ ಇಲ್ಲ. ಟೆಸ್ಟ್ ಬರೆಯುವಾಗ ಎರಡು ಸಲ += ಮಾಡಿ, ಪಕ್ಕದಲ್ಲಿ ಇನ್ನೊಂದು ಹೆಸರು ಇಟ್ಟುಕೊಳ್ಳಿ, ಅಂತ ಹೊಸಬರಿಗೆ ನಾನು ಯಾವಾಗಲೂ ಹೇಳುವುದು ಇದಕ್ಕೇ.

ಬರೀ = ಚಿಹ್ನೆಯನ್ನಂತೂ ತರಲು ಆಗುವುದೇ ಇಲ್ಲ. ಸಿ++ನಲ್ಲಿ ಅದು ಒಳಗಿನದನ್ನು ಕಾಪಿ ಮಾಡುತ್ತದೆ, ಪೈಥಾನ್‌ನಲ್ಲಿ ಹೆಸರು ಕಟ್ಟುತ್ತದೆ ಅಷ್ಟೇ. ಕಾಪಿ ಬೇಕಿದ್ದರೆ ಕಾಪಿ ಅನ್ನುವ ಮೆಥಡ್ ಕೊಡಿ, ಮುಗಿಯಿತು. ++ ಕೂಡ ಪೈಥಾನ್‌ನಲ್ಲಿ ಇಲ್ಲ, ಆದರೆ ++ಅ ಅಂತ ಬರೆದರೆ ಅದು ವ್ಯಾಕರಣದ ತಪ್ಪೂ ಅಲ್ಲ. ಒಂದರ ಹಿಂದೆ ಒಂದು ಎರಡು ಪ್ಲಸ್ ಗುರುತು ಅಂತ ಓದಿಕೊಳ್ಳುತ್ತದೆ, ಬೆಲೆ ಹಾಗೇ ಇರುತ್ತದೆ. ಸಿ++ನಿಂದ ಬಂದವರು ಇಲ್ಲಿ ಎಡವುತ್ತಾರೆ. ಇನ್ನು << ಅನ್ನು ಸಿ++ನವರು ಪ್ರಿಂಟ್ ಮಾಡಲು ಬಳಸುತ್ತಾರಲ್ವಾ, ಅದನ್ನು ಸ್ಕ್ರಿಪ್ಟ್ ಕಡೆಯಲ್ಲೂ << ಆಗಿಯೇ ಕೊಡುವುದರಲ್ಲಿ ಅರ್ಥವಿಲ್ಲ, ಅದು ವಸ್ತುವನ್ನು ಪಠ್ಯವಾಗಿ ತೋರಿಸುವ ಡಂಡರ್ ಎಸ್‌ಟಿಆರ್ ಆಗಬೇಕು.

ಚೌಕ ಬ್ರಾಕೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಿ++ನಲ್ಲಿ ಒಂದು ಆಪರೇಟರ್ ಸಾಕು, ಓದುವುದಕ್ಕೂ ಅದೇ, ಬರೆಯುವುದಕ್ಕೂ ಅದೇ, ಯಾಕೆಂದರೆ ಅದು ರೆಫರೆನ್ಸ್ ಕೊಡುತ್ತದೆ. ಪೈಥಾನ್‌ನಲ್ಲಿ ಓದಲು ಡಂಡರ್ ಗೆಟ್‌ಐಟಂ, ಬರೆಯಲು ಡಂಡರ್ ಸೆಟ್‌ಐಟಂ. ಲುವಾದಲ್ಲಿಯೂ ಎರಡು. ಬರೆಯುವುದನ್ನು ಮರೆತರೆ ಎರರ್ ಬರುತ್ತದೆ, ಸರಿಮಾಡಿಕೊಳ್ಳಬಹುದು. ನಿಜವಾದ ಅಪಾಯ ಓದುವುದರಲ್ಲಿದೆ. ಸಿ++ನ ಬ್ರಾಕೆಟ್ ಸಾಮಾನ್ಯವಾಗಿ ಎಲ್ಲೆ ನೋಡುವುದಿಲ್ಲ, ಅಂದರೆ ಕೇಳಿದ ಜಾಗ ಪಟ್ಟಿಯೊಳಗೇ ಇದೆಯಾ ಅಂತ ಪರೀಕ್ಷಿಸುವುದಿಲ್ಲ, ವೇಗಕ್ಕಾಗಿ. ಪೈಥಾನ್‌ನ ಫಾರ್ ಲೂಪ್, ಆ ಕ್ಲಾಸಿಗೆ ಅಂಶಗಳನ್ನು ಒಂದೊಂದಾಗಿ ಕೊಡುವ ಬೇರೆ ಇಟರೇಟರ್ ಇಲ್ಲದಿದ್ದರೆ, 0, 1, 2 ಅಂತ ಡಂಡರ್ ಗೆಟ್‌ಐಟಂ ಅನ್ನೇ ಕರೆಯುತ್ತಾ ಹೋಗುತ್ತದೆ. ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಾಗುವುದು ಆ ಜಾಗ ಇಲ್ಲ ಅನ್ನುವ ಇಂಡೆಕ್ಸ್‌ಎರರ್ ಬಂದಾಗ ಮಾತ್ರ. ನಮ್ಮ ಫಂಕ್ಷನ್ ಎಲ್ಲೆ ನೋಡುವುದಿಲ್ಲ, ಹಾಗಾಗಿ ಆ ಎರರ್ ಬರುವುದೇ ಇಲ್ಲ. ಮೂರು ಅಂಶಗಳ ವೆಕ್ಟರ್ ಮುಗಿದ ಮೇಲೂ ಲೂಪ್ ಓಡುತ್ತದೆ, ಪಕ್ಕದ ಮೆಮೊರಿಯ ಕಸವನ್ನೆಲ್ಲ ಸಂಖ್ಯೆ ಅಂತ ತಂದು ಕೊಡುತ್ತದೆ, ಎಲ್ಲೋ ಒಂದು ಕಡೆ ಸಾಯುತ್ತದೆ. ಬ್ರಾಕೆಟ್ ಹೊರಗೆ ಕೊಡುವವರು ಎಲ್ಲೆ ನೋಡುವ ಎರಡು ಸಾಲನ್ನು ರ‍್ಯಾಪರ್‌ನಲ್ಲಿ ಬರೆಯಲೇಬೇಕು. ಇದರಲ್ಲಿ ನಾನು ರಾಜಿಗೆ ಒಪ್ಪುವವನಲ್ಲ.

ಬ್ರಾಕೆಟ್‌ನಿಂದ ಬರುವುದು ಒಂದು ಆಬ್ಜೆಕ್ಟ್ ಆದರೆ ಇನ್ನೂ ಒಂದು ಪ್ರಶ್ನೆ ಏಳುತ್ತದೆ. ಕಾಪಿ ಕೊಡಬೇಕಾ, ಒಳಗಿನದನ್ನೇ ಕೊಡಬೇಕಾ? ಕಾಪಿ ಕೊಟ್ಟರೆ, ಪಟ್ಟಿ[0].ಬಣ್ಣ = 5 ಅಂತ ಬರೆದದ್ದು ಆ ಕಾಪಿಯ ಮೇಲೆ ಬಿದ್ದು ಮಾಯವಾಗುತ್ತದೆ, ಎರರ್ ಕೂಡ ಬರುವುದಿಲ್ಲ. ಒಳಗಿನದನ್ನೇ ಕೊಟ್ಟರೆ, ಪಟ್ಟಿ ಸತ್ತ ಮೇಲೂ ಸ್ಕ್ರಿಪ್ಟ್ ಆ ತುಂಡನ್ನು ಹಿಡಿದುಕೊಂಡಿರಬಹುದು. ಪಟ್ಟಿಯನ್ನು ಬದುಕಿಸಿಟ್ಟುಕೊಳ್ಳುವ ಸೌಲಭ್ಯ ಟೂಲ್‌ಗಳಲ್ಲಿದೆ, ಆದರೆ ಪಟ್ಟಿಗೆ ಹೊಸ ಅಂಶ ಸೇರಿಸಿದಾಗ ಸಿ++ ಇಡೀ ಜಾಗವನ್ನೇ ಬದಲಾಯಿಸಬಹುದಲ್ಲ, ಆಗ ಹಳೆಯ ತುಂಡು ಖಾಲಿ ಜಾಗ ತೋರಿಸುತ್ತಿರುತ್ತದೆ. ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಆ ಕ್ಲಾಸನ್ನು ಬರೆದವರು ಯೋಚಿಸಿ ನಿರ್ಧರಿಸಬೇಕು. ಟೂಲ್ ನಿರ್ಧರಿಸಲಾರದು.

== ಕೂಡ ಹಾಗೆಯೇ. ಸಿ++ನಲ್ಲಿ ವೆಕ್ಟರನ್ನು ವೆಕ್ಟರ್ ಜೊತೆ ಮಾತ್ರ ಹೋಲಿಸುತ್ತೇವೆ, ಬೇರೆಯದರ ಜೊತೆ ಹೋಲಿಸಿದರೆ ಕಂಪೈಲ್ ಆಗುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಯಾವುದನ್ನು ಯಾವುದರ ಜೊತೆ ಬೇಕಾದರೂ ಹೋಲಿಸುತ್ತಾರೆ, ಏನೂ ಇಲ್ಲ ಅನ್ನುವ None ಜೊತೆ, ಅಕ್ಷರಗಳ ಸಾಲಾದ ಸ್ಟ್ರಿಂಗ್ ಜೊತೆ. ಲಿಸ್ಟ್ ಒಳಗೆ ಒಂದು ವಸ್ತು ಇದೆಯಾ ಅಂತ ಕೇಳಿದರೂ ಪೈಥಾನ್ ಒಳಗೊಳಗೇ == ಬಳಸುತ್ತದೆ. ಆಗ ನಮ್ಮ ರ‍್ಯಾಪರ್ ಟೈಪ್‌ಎರರ್ ಎಸೆದರೆ ಇಡೀ ಹುಡುಕಾಟ ನಿಂತುಹೋಗುತ್ತದೆ. ನಾಟ್‌ಇಂಪ್ಲಿಮೆಂಟೆಡ್ ಕೊಟ್ಟರೆ ಪೈಥಾನ್ ತಾನೇ ಅಲ್ಲ ಅಂತ ತೀರ್ಮಾನಿಸುತ್ತದೆ. == ಕೊಟ್ಟ ಮೇಲೆ ಹ್ಯಾಶ್ ಬಗ್ಗೆಯೂ, ಅಂದರೆ ವಸ್ತುವನ್ನು ಬೇಗ ಹುಡುಕಲು ಅದರಿಂದ ಲೆಕ್ಕಹಾಕುವ ಸಂಖ್ಯೆಯ ಬಗ್ಗೆಯೂ, ಯೋಚಿಸಬೇಕು. ಸಮ ಅನ್ನಿಸಿಕೊಂಡ ಎರಡು ಆಬ್ಜೆಕ್ಟ್‌ಗಳ ಹ್ಯಾಶ್ ಒಂದೇ ಇರಬೇಕು ಅನ್ನುವುದು ಪೈಥಾನ್‌ನ ನಿಯಮ. == ಬೆಲೆ ನೋಡಿ ಹೋಲಿಸಿ, ಹ್ಯಾಶ್ ಮಾತ್ರ ಮೆಮೊರಿ ವಿಳಾಸದಿಂದ ಬಂದರೆ, ಡಿಕ್ಷನರಿಯಲ್ಲಿ ಇಟ್ಟ ವಸ್ತು ಅಲ್ಲೇ ಇದ್ದರೂ ಸಿಗುವುದಿಲ್ಲ. ಲುವಾದಲ್ಲಿ ಎರಡು ಕಡೆಯ ಟೈಪ್ ಬೇರೆಯಾದರೆ == ನಮ್ಮ ಫಂಕ್ಷನ್ನನ್ನು ಕರೆಯುವುದೇ ಇಲ್ಲ, ನೇರವಾಗಿ ಸುಳ್ಳು ಅಂತ ಹೇಳಿಬಿಡುತ್ತದೆ, ಕರೆದಾಗಲೂ ಉತ್ತರವನ್ನು ನಿಜ ಸುಳ್ಳಿಗೆ ಇಳಿಸುತ್ತದೆ. ಹಾಗಾಗಿ ಒಂದೊಂದು ಅಂಶವನ್ನೂ ಹೋಲಿಸಿ ಪಟ್ಟಿ ಕೊಡುವ == ಅಲ್ಲಿ ಸಾಧ್ಯವೇ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ^ ಚಿಹ್ನೆ. ಕೆಲವು ಗ್ರಾಫಿಕ್ಸ್ ಲೈಬ್ರರಿಗಳಲ್ಲಿ, ಓಪನ್‌ಸೀನ್‌ಗ್ರಾಫ್ ಒಂದು ಉದಾಹರಣೆ, ಎರಡು ವೆಕ್ಟರ್‌ಗಳ ಕ್ರಾಸ್ ಪ್ರಾಡಕ್ಟ್‌ಗೆ (ಎರಡಕ್ಕೂ ಲಂಬವಾದ ಮೂರನೇ ವೆಕ್ಟರ್ ಕೊಡುವ ಗುಣಾಕಾರಕ್ಕೆ) ^ ಬಳಸುತ್ತಾರೆ. ಸಿ++ನಲ್ಲಿ ^ ಗೆ + ಗಿಂತ ಕಡಿಮೆ ಆದ್ಯತೆ. ಅ + ಬ ^ ಕ ಅಂದರೆ ಮೊದಲು ಕೂಡು, ಆಮೇಲೆ ಕ್ರಾಸ್. ಲುವಾದಲ್ಲಿ ಅದೇ ಚಿಹ್ನೆ ಘಾತಕ್ಕೆ ಮೀಸಲು, ಅದರ ಆದ್ಯತೆ ಎಲ್ಲಕ್ಕಿಂತ ಮೇಲೆ. ಅದೇ ಸಾಲನ್ನು ಅಲ್ಲಿ ಬರೆದರೆ ಮೊದಲು ಕ್ರಾಸ್, ಆಮೇಲೆ ಕೂಡು. ಅಷ್ಟೇ ಅಲ್ಲ, ಅ ^ ಬ ^ ಕ ಅನ್ನು ಸಿ++ ಎಡದಿಂದ ಗುಂಪು ಮಾಡುತ್ತದೆ, ಲುವಾ ಬಲದಿಂದ. ಕ್ರಾಸ್ ಪ್ರಾಡಕ್ಟ್‌ನಲ್ಲಿ ಗುಂಪು ಬದಲಾದರೆ ಉತ್ತರವೂ ಬದಲಾಗುತ್ತದೆ. ಇಲ್ಲಿ ಬೈಂಡಿಂಗ್‌ನಲ್ಲಿ ಒಂದು ಅಕ್ಷರದ ತಪ್ಪೂ ಇಲ್ಲ. ಸಿ++ ಫೈಲಿನಿಂದ ಕಾಪಿ ಮಾಡಿ ಹಾಕಿದ ಸಾಲು, ಅಕ್ಷರಕ್ಕೆ ಅಕ್ಷರ ಅದೇ ಸಾಲು, ಬೇರೆ ಲೆಕ್ಕ ಮಾಡುತ್ತದೆ. ಪೈಥಾನ್‌ನಲ್ಲೂ ಇಂಥದ್ದೊಂದಿದೆ: ಅ & ಬ == ಕ ಅಂತ ಬರೆದರೆ ಸಿ++ ಮೊದಲು == ಮಾಡುತ್ತದೆ, ಪೈಥಾನ್ ಮೊದಲು & ಮಾಡುತ್ತದೆ. ಆದ್ಯತೆ ಭಾಷೆಯದ್ದು, ಕ್ಲಾಸ್ ಬರೆದವರ ಕೈಯಲ್ಲಿಲ್ಲ.

ಗುಣಾಕಾರವನ್ನೇ ನೋಡಿ. ಸಿ++ನಲ್ಲಿ ಮ್ಯಾಟ್ರಿಕ್ಸ್ ಕ್ಲಾಸ್ ಬರೆದವರು * ಅನ್ನು ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಕೊಡುತ್ತಾರೆ, ಅಲ್ಲಿ ಅದು ಸಹಜ. ಪೈಥಾನ್‌ನಲ್ಲಿ ನಂಪೈ ಅನ್ನುವ ಲೆಕ್ಕದ ಲೈಬ್ರರಿ ಬಳಸುವವರ ಕಣ್ಣಿಗೆ * ಅಂದರೆ ಜಾಗಕ್ಕೆ ಜಾಗ ಗುಣಿಸುವುದು. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಅಂತಲೇ 2015ರಲ್ಲಿ ಪೈಥಾನ್ 3.5ರಲ್ಲಿ @ ಚಿಹ್ನೆ ಬಂತು. ಸಿ++ನಲ್ಲಿ ಅಂಥ ಆಪರೇಟರೇ ಇಲ್ಲ, ಹಾಗಾಗಿ ಯಾವ ಟೂಲ್ ತಾನೇ ಅದನ್ನು ತಾನಾಗಿ ತಂದುಕೊಟ್ಟೀತು? ಸಿ++ನ * ಅನ್ನು ಪೈಥಾನ್‌ನ @ ಗೆ ಸೇರಿಸಬೇಕು ಅನ್ನುವುದು ಮನುಷ್ಯರು ತೆಗೆದುಕೊಳ್ಳುವ ನಿರ್ಧಾರ. ಭಾಗಾಕಾರಕ್ಕೂ ಅಷ್ಟೇ. -7 ಅನ್ನು 2ರಿಂದ ಭಾಗಿಸಿದರೆ ಸಿ++ ಪೂರ್ಣಾಂಕದಲ್ಲಿ -3, ಪೈಥಾನ್‌ನ // ಕೊಡುವುದು -4. ದೊಡ್ಡ ಸಂಖ್ಯೆಯ ಕ್ಲಾಸ್ ಒಂದನ್ನು ತರುವವರು ಯಾರ ನಿಯಮ ಪಾಲಿಸಬೇಕು? ನನ್ನ ಉತ್ತರ ಸ್ಪಷ್ಟ. ಸಾಲು ಯಾವ ಭಾಷೆಯಲ್ಲಿ ಬರೆದಿದೆಯೋ ಆ ಭಾಷೆಯ ನಿಯಮ. ಓದುವವರು ಆ ಸಾಲನ್ನು ಆ ಭಾಷೆಯ ಕಣ್ಣಿನಲ್ಲೇ ಓದುತ್ತಾರೆ. ಅವರು ಸಿ++ ಫೈಲ್ ತೆರೆದು ನೋಡುವುದಿಲ್ಲ, ನೋಡಬೇಕಾಗಿಯೂ ಬರಬಾರದು.

ಟೂಲ್‌ಗಳನ್ನು ನಾನು ಬೈಯುತ್ತಿಲ್ಲ. ಡೇವಿಡ್ ಬೀಜ್ಲಿ 1995ರಲ್ಲಿ ಶುರುಮಾಡಿದ ಸ್ವಿಗ್ ಅನ್ನುವ ಬೈಂಡಿಂಗ್ ಟೂಲ್ ಎಷ್ಟೋ ಭಾಷೆಗಳಿಗೆ ದಾರಿ ಮಾಡಿಕೊಟ್ಟಿದೆ. ಆದರೆ ಸ್ವಿಗ್ ಕೂಡ ಪೈಥಾನ್‌ಗೆ ತರುವಾಗ ಕ್ಲಾಸಿನ ಒಳಗಿರುವ + ಅನ್ನು ತಾನಾಗಿ ತರುತ್ತದೆ, ಚೌಕ ಬ್ರಾಕೆಟನ್ನು ಬಿಟ್ಟುಬಿಡುತ್ತದೆ, ಕ್ಲಾಸಿನ ಹೊರಗೆ ಬರೆದ ಆಪರೇಟರ್‌ಗಳನ್ನೂ ಬಿಡುತ್ತದೆ. 2 * ವೆಕ್ಟರ್ ಸಾಮಾನ್ಯವಾಗಿ ಹೊರಗೇ ಇರುತ್ತದೆ. ವಾರ್ನಿಂಗ್ ಕೊಡುತ್ತದೆ, ನಿಜ, ಕೋಡ್ ಕಟ್ಟುವಾಗ ಬರುವ ಸಾವಿರ ಸಾಲಿನಲ್ಲಿ ಅದು ಹಾದುಹೋಗುತ್ತದೆ. ಬೂಸ್ಟ್ ಪೈಥಾನ್ ಅನ್ನುವ ಇನ್ನೊಂದು ಟೂಲ್ ತಂದ ಪದ್ಧತಿ ನನಗೆ ಹಿಡಿಸಿತು, ವೆಂಜೆಲ್ ಜಾಕಬ್ ಅವರ ಪೈಬೈಂಡ್11 ಕೂಡ ಅದನ್ನೇ ಮುಂದುವರಿಸಿತು. ಅಲ್ಲಿ ಸೆಲ್ಫ್ ಅಂದರೆ ನಮ್ಮ ಆಬ್ಜೆಕ್ಟ್, ಸೆಲ್ಫ್ - ಸೆಲ್ಫ್ ಅಂತಲೋ, ಸಂಖ್ಯೆ - ಸೆಲ್ಫ್ ಅಂತಲೋ ಲೆಕ್ಕವನ್ನೇ ಬರೆಯುತ್ತೀರಿ. ಯಾವುದು ಎಡ, ಯಾವುದು ಬಲ ಅಂತ ಕಂಪೈಲರ್‌ಗೇ ಗೊತ್ತಿರುತ್ತದೆ. ನಮ್ಮ ಆ ಮೈನಸ್ ತಪ್ಪು ಈ ರೀತಿ ಬರೆದಿದ್ದರೆ ಆಗುತ್ತಲೇ ಇರಲಿಲ್ಲ. ಸರಿಹೊಂದದ ಟೈಪ್ ಬಂದರೆ ನಾಟ್‌ಇಂಪ್ಲಿಮೆಂಟೆಡ್ ಕೊಡುವುದನ್ನೂ ಅದೇ ನೋಡಿಕೊಳ್ಳುತ್ತದೆ. ಡಂಡರ್ ಹೆಸರನ್ನು ಕೈಯಾರೆ ಬರೆದರೆ ಮಾತ್ರ ಇದು ಆಪರೇಟರ್ ಅಂತ ನಾವೇ ಗುರುತು ಹಾಕಬೇಕು, ಅದನ್ನು ಮರೆಯುವವರು ಜಾಸ್ತಿ.

ಐಗೆನ್ ತರಹದ ಸಿ++ ಮ್ಯಾಟ್ರಿಕ್ಸ್ ಲೈಬ್ರರಿ ಬಳಸುವವರಿಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಅ + ಬ ಕೊಡುವುದು ಮ್ಯಾಟ್ರಿಕ್ಸ್ ಅಲ್ಲ, ಮುಂದೆ ಯಾವಾಗಲೋ ಕೂಡಬೇಕು ಅನ್ನುವ ಒಂದು ಚೀಟಿ. ವೇಗಕ್ಕಾಗಿ ಮಾಡಿದ ಒಳ್ಳೆಯ ಉಪಾಯ ಅದು. ಆ ಚೀಟಿ ಅ ಮತ್ತು ಬ ಎಲ್ಲಿವೆ ಅಂತ ಮಾತ್ರ ನೆನಪಿಟ್ಟುಕೊಂಡಿರುತ್ತದೆ. ಅದನ್ನೇ ಸ್ಕ್ರಿಪ್ಟ್‌ಗೆ ದಾಟಿಸಿದರೆ, ಅ ಮತ್ತು ಬ ಸತ್ತ ಮೇಲೆ ಯಾರೋ ಬಂದು ಉತ್ತರ ಕೇಳುತ್ತಾರೆ. ಗಡಿ ದಾಟುವ ಮೊದಲೇ ಲೆಕ್ಕ ಮುಗಿಸಿ ನಿಜವಾದ ಮ್ಯಾಟ್ರಿಕ್ಸ್ ಮಾಡಿ ಕಳಿಸಬೇಕು.

ಹಾಗಾದರೆ ಆಪರೇಟರ್ ಕೊಡಲೇಬಾರದಾ ಅಂತ ಕೇಳಬಹುದು. ಕೊಡಬೇಕು. ಕೂಡು(ಗುಣಿಸು(ಅ, 2), ಬ) ಅಂತ ಬರೆಯುವುದಕ್ಕೂ ಅ * 2 + ಬ ಅಂತ ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ದಿನವಿಡೀ ಲೆಕ್ಕ ಬರೆಯುವವರಿಗೆ ಗೊತ್ತು. ಗಣಿತ ಪುಸ್ತಕದ ಸಾಲಿನಂತೆ ಕಾಣುವ ಕೋಡಿನಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಆದ್ದರಿಂದಲೇ ಅದು ಸರಿಯಾಗಿರಬೇಕು ಅನ್ನುವುದು ನನ್ನ ಹಠ. ಕ್ರಾಸ್ ಪ್ರಾಡಕ್ಟ್‌ಗೆ ^ ಬೇಡ, ಕ್ರಾಸ್ ಅನ್ನುವ ಹೆಸರಿನ ಫಂಕ್ಷನ್ ಇರಲಿ. ಸ್ಕ್ರಿಪ್ಟ್ ಭಾಷೆಯಲ್ಲಿ ಆ ಚಿಹ್ನೆಗೆ ಇರುವ ಅರ್ಥಕ್ಕೆ ನಮ್ಮ ಕ್ಲಾಸ್ ಹೊಂದಿದರೆ ಚಿಹ್ನೆ ಕೊಡೋಣ, ಹೊಂದದಿದ್ದರೆ ಹೆಸರು ಕೊಡೋಣ. ಟೆಸ್ಟ್‌ಗಳನ್ನು ಸ್ಕ್ರಿಪ್ಟ್ ಭಾಷೆಯಲ್ಲೇ ಬರೆಯೋಣ, ಸಂಖ್ಯೆಯನ್ನು ಎಡಗಡೆ ಒಮ್ಮೆ ಬಲಗಡೆ ಒಮ್ಮೆ ಇಟ್ಟು.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಆ ಲೇಖನಕ್ಕೆ ಎರಡನೇ ಕಂತು ಬರಲಿ, ಅದರಲ್ಲಿ ಆಪರೇಟರ್‌ಗಳಿಗೇ ಜಾಗ ಇರಲಿ. ಮೊದಲ ಕಂತಿನ ಆ ಒಂದು ವಾಕ್ಯಕ್ಕೆ ತಿದ್ದುಪಡಿಯನ್ನೂ ಹಾಕಿ, ಯಾಕೆಂದರೆ ಅದನ್ನು ನಂಬಿ ಕೆಲಸ ಶುರುಮಾಡುವ ವಿದ್ಯಾರ್ಥಿಗಳು ಇರುತ್ತಾರೆ. ಲೇಖಕರಿಗೆ ಉದಾಹರಣೆ ಬೇಕಿದ್ದರೆ 10 - ಅಳತೆ ಒಂದನ್ನೇ ಪೈಥಾನ್‌ನಲ್ಲಿ ಮತ್ತು ಲುವಾದಲ್ಲಿ ಮಾಡಿ ತೋರಿಸಲಿ, ಪುಟದ ಅರ್ಧ ಜಾಗ ಸಾಕು.

ಇತಿ,
ನಿಮ್ಮ ಒಬ್ಬ ಓದುಗ